ಔಟ್‌ಬಾಕ್ಸಿನಲ್ಲಿ ಕೂತ ಅರಿಸಿನದ ಅರ್ಜಿ

ಆ ಸೋಮವಾರ ಬೆಳಿಗ್ಗೆ ನಮ್ಮ ಮನೆಯ ಕಂಪ್ಯೂಟರಿನ ಮುಂದೆ ನಾವು ನಾಲ್ಕು ಜನ ಇದ್ದೆವು. ಕುರ್ಚಿಯಲ್ಲಿ ನಾನು. ನನ್ನ ಬೆನ್ನ ಹಿಂದೆ ಕೈಯಲ್ಲಿ ಸೌಟು ಹಿಡಿದ ನನ್ನ ಹೆಂಡತಿ ಸರಸು. ನೆಲದ ಮೇಲೆ ಕಾಲು ಚಾಚಿ, ಎಲೆಅಡಿಕೆ ಚೀಲ ಬಿಚ್ಚಿಕೊಂಡು ಕೂತ ಮಾದಮ್ಮತ್ತೆ, ಅಂದರೆ ನನ್ನ ಅಪ್ಪನ ಕೊನೆಯ ತಂಗಿ. ಬಾಗಿಲ ಬಳಿಯ ಸ್ಟೂಲಿನ ಮೇಲೆ, ಹೆಗಲಿನ ಕಂಬಳಿಯನ್ನು ಇಳಿಸದೆ, ನಮ್ಮ ಹಟ್ಟಿಯ ಯಜಮಾನ ಬೀರಪ್ಪ ತಾತ. ಮನುಷ್ಯನಿಗೆ ಒಂದು ಕೆಲಸ ಏನೂ ಗೊತ್ತಿಲ್ಲದಿದ್ದರೆ ಅದರಿಂದ ಹೆಚ್ಚು ಕೆಡುಕಾಗುವುದಿಲ್ಲ. ಗೊತ್ತಿಲ್ಲ ಎಂದು ಕೈಮುಗಿದು ಗೊತ್ತಿರುವವರನ್ನು ಹುಡುಕುತ್ತಾನೆ. ಪೂರ್ತಿ ಗೊತ್ತಿದ್ದರಂತೂ ಕೇಳುವುದೇ ಬೇಡ. ಅರ್ಧ ಗೊತ್ತಿರುವವನು, ಅದೂ ಮೂರು ಜನ ನಂಬಿ ನೋಡುತ್ತಿರುವಾಗ ಕುರ್ಚಿ ಎಳೆದುಕೊಂಡು ಕೂರುತ್ತಾನಲ್ಲ, ಅವನಿಂದ ಊರಿಗೆ ಅಪಾಯ. ಇದನ್ನು ನಾನು ಯಾವ ಪುಸ್ತಕದಲ್ಲೂ ಓದಿ ಹೇಳುತ್ತಿಲ್ಲ.

ವಿಷಯ ಇಷ್ಟು. ನಮ್ಮ ಹಟ್ಟಿ ತಮಿಳು ಸೀಮೆಯ ಪೆನ್ನಾಗರಂನಿಂದ ಎರಡು ಮೈಲಿ. ಹಟ್ಟಿಯಿಂದ ಗುಡ್ಡದ ಬುಡದ ಕುಂಟೆಗೆ ಕುರಿಗಳು ನೀರಿಗೆ ಹೋಗುವ ದಾರಿ ಒಂದು ಸರ್ಕಾರದ ಪೊರಂಬೋಕು ಜಾಗವನ್ನು ಸೀಳಿಕೊಂಡು ಹೋಗುತ್ತದೆ. ಆ ದಾರಿಯನ್ನು ಯಾರೂ ಮಾಡಿದ್ದಲ್ಲ, ಕುರಿಗಳ ಗೊರಸೇ ಮಾಡಿದ್ದು. ಆ ಜಾಗಕ್ಕೆ ಬೇಲಿ ಹಾಕಿ ಗೋದಾಮು ಕಟ್ಟುತ್ತಾರೆಂದು ನೋಟೀಸು ಅಂಟಿಸಿದರು. ಆಕ್ಷೇಪ ಇದ್ದವರು ಸೋಮವಾರ ಸಾಯಂಕಾಲ ಐದು ಗಂಟೆಯೊಳಗೆ ಧರ್ಮಪುರಿಯ ಆಫೀಸಿಗೆ ಕೈಯಾರೆ ಕೊಡಬಹುದು, ಇಲ್ಲವೇ ಇಮೇಲಿನಲ್ಲಿ ಕಳಿಸಬಹುದು. ನಾವು ಗೋದಾಮು ಬೇಡ ಎನ್ನಲಿಲ್ಲ. ಕಟ್ಟಿಕೊಳ್ಳಿ ಸ್ವಾಮಿ, ಬಡಗಣ ಅಂಚಿನಲ್ಲಿ ಹತ್ತು ಅಡಿ ದಾರಿ ಬಿಡಿ, ಅಷ್ಟೇ. ನೋಟೀಸು ಅಂಟಿಸಲು ಬಂದಿದ್ದ ನೌಕರನೇ, ಟೈಮಿಗೆ ಸರಿಯಾಗಿ ಎಲ್ಲರ ರುಜು ಇರುವ ಅರ್ಜಿ ಬಂದರೆ ದಾರಿ ಬಿಡುತ್ತಾರೆ, ಬೇರೆ ಊರಲ್ಲಿ ಬಿಟ್ಟಿದ್ದಾರೆ ಎಂದು ಹೇಳಿ ಹೋಗಿದ್ದ. ದಾರಿ ಮುಚ್ಚಿದರೆ ಕುಂಟೆಗೆ ಟಾರು ರೋಡಿನಲ್ಲಿ ಸುತ್ತಿಕೊಂಡು ಹೋಗಬೇಕು. ಕುರಿಗೆ ಅದು ಎರಡು ಗಂಟೆಯ ನಡಿಗೆ. ಮಾದಮ್ಮತ್ತೆಯ ಮೊಣಕಾಲಿಗೆ ಎಷ್ಟು ಹೊತ್ತೋ ಆ ಮೊಣಕಾಲಿಗೇ ಗೊತ್ತು.

ಶನಿವಾರವೇ ಬೀರಪ್ಪ ತಾತ, "ನಾನೇ ಬಸ್ಸಲ್ಲಿ ಓಗಿ ಕೊಟ್ಟುಟ್ಟು ಬತ್ತೀನಿ ಕಣ್ಲಾ ಮುನಿಯಾ," ಎಂದಿದ್ದ. ನಾನು ನಕ್ಕೆ. ಮೂವತ್ತು ವರ್ಷ ಬಸ್ ಸ್ಟ್ಯಾಂಡಿನಲ್ಲಿ ಟೈಮ್ ಕೀಪರ್ ಆಗಿದ್ದವನು ನಾನು. ಎರಡು ನಿಮಿಷ ತಡವಾಗಿ ಹೊರಟ ಡ್ರೈವರನ್ನು ಎಲ್ಲರ ಮುಂದೆ ನಿಲ್ಲಿಸಿ ಕೆಂಪು ಇಂಕಿನಲ್ಲಿ ಬರೆದವನು. ಹೊರಡಿಸುವುದು ಎಂದರೆ ಏನೆಂದು ನನಗೆ ಕಲಿಸಬೇಕೆ? "ಬಸ್ಸು ಯಾಕೆ ತಾತ, ನಮ್ಮನೆ ಕಂಪ್ಯೂಟರ್ ಐತೆ. ಬಟನ್ ಒತ್ತಿದ್ರೆ ಧರ್ಮಪುರಿ," ಎಂದೆ. ಆ ಮಾತು ಹೇಳುವಾಗ ನನ್ನ ಎದೆ ಎಷ್ಟು ಉಬ್ಬಿತ್ತೆಂದರೆ ಅಂಗಿಯ ಗುಂಡಿಗಳು ಅದನ್ನು ಇನ್ನೂ ಮರೆತಿಲ್ಲ.

ಕಂಪ್ಯೂಟರಿನ ಗುಣವನ್ನೂ ಹೇಳಿಬಿಡುತ್ತೇನೆ. ಮಗಳು ಕವಿತಾ ಕಾಲೇಜು ಓದುವಾಗ ಕೊಂಡದ್ದು. ಅವಳು ಈಗ ಸೇಲಂನಲ್ಲಿ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳೆ. ಕಂಪ್ಯೂಟರು ರಿಟೈರಾಗಿ ನನ್ನ ಜೊತೆ ಉಳಿದಿದೆ. ಇದಕ್ಕೆ ಬರುವ ಮೇಲುಗಳೆಲ್ಲ ಚೆನ್ನಾಗಿ ಬರುತ್ತವೆ. ನನಗೆ ಲಾಟರಿ ಬಿದ್ದಿದೆ ಎಂದು ಬರುತ್ತದೆ, ಕೂದಲು ಬೆಳೆಸುವ ಎಣ್ಣೆ ಬರುತ್ತದೆ, ನಾನು ಕಾಣದ ದೇಶದ ವಿಧವೆಯೊಬ್ಬಳು ತನ್ನ ಆಸ್ತಿಯನ್ನು ನನ್ನ ಹೆಸರಿಗೆ ಬರೆಯಲು ಅಳುತ್ತಾ ಬರುತ್ತಾಳೆ. ಹೋಗಬೇಕಾದ ಮೇಲು ಮಾತ್ರ ಒಮ್ಮೆ ಹೋಗುತ್ತದೆ, ಒಮ್ಮೆ ಹೋಗುವುದಿಲ್ಲ. ನಮ್ಮ ಕಡೆ ಶುಕ್ರವಾರ ಮನೆಯಿಂದ ಉಪ್ಪು, ಮೊಸರು, ಸೂಜಿ, ಯಾವುದನ್ನೂ ಹೊರಗೆ ಕೊಡುವುದಿಲ್ಲ, ಲಕ್ಷ್ಮಿ ಹೊರಟುಹೋಗುತ್ತಾಳಂತೆ. ನಮ್ಮ ಕಂಪ್ಯೂಟರಿಗೆ ವಾರವೆಲ್ಲ ಶುಕ್ರವಾರ.

ಅರ್ಜಿಯನ್ನು ನಾನೇ ತಮಿಳಿನಲ್ಲಿ ಬರೆದಿದ್ದೆ. ನಮಗೆ ಶಾಲೆಯಲ್ಲಿ ಕಲಿಸಿದ್ದು ಅದು. ಕನ್ನಡ ಅಜ್ಜ ಅಜ್ಜಿಯರಿಂದ ಬಂದದ್ದು, ಅದರಲ್ಲಿ ಆಫೀಸಿಗೆ ಬರೆದರೆ ಓದುವವರಿಲ್ಲ. ಎರಡು ಹಾಳೆ ಅರ್ಜಿ, ಒಂಬತ್ತು ಹಾಳೆ ರುಜು ಮತ್ತು ಹೆಬ್ಬೆಟ್ಟು. ಭಾನುವಾರ ಹಟ್ಟಿಯ ಮಾರಿಗುಡಿಯ ಮುಂದೆ ಎಲ್ಲ ಮನೆಯವರೂ ಒತ್ತಿದರು. ಒತ್ತಿ ಮುಗಿದ ಮೇಲೆ ಮಾದಮ್ಮತ್ತೆ ಬಟ್ಟಲಲ್ಲಿ ಅರಿಸಿನ ಕಲಸಿಕೊಂಡು ಬಂದಳು. ಹನ್ನೊಂದು ಹಾಳೆಗೂ ನಾಲ್ಕು ಮೂಲೆಗೆ ಅರಿಸಿನ, ಅರಿಸಿನದ ಮೇಲೆ ಒಂದೊಂದು ಕುಂಕುಮದ ಬೊಟ್ಟು. ನಮ್ಮಲ್ಲಿ ಒಳ್ಳೆಯದಕ್ಕೆ ಹೊರಡುವ ಯಾವ ಕಾಗದವೂ ಅರಿಸಿನವಿಲ್ಲದೆ ಹೊಸಿಲು ದಾಟುವುದಿಲ್ಲ. ಮೂಲೆ ಕಪ್ಪಾದ ಕಾಗದ ಬಂತೆಂದರೆ ಅದು ಸಾವಿನದು. ಅದನ್ನು ಮನೆಯೊಳಗೆ ತರುವ ಹಾಗಿಲ್ಲ. ನಾನು ಚಿಕ್ಕವನಿದ್ದಾಗ ಅಂಚೆಯವನು ಬೀದಿಯಲ್ಲೇ ನಿಂತು, "ಯಮ್ಮಾ, ಕರುಪ್ಪು ಕಾಗದ," ಎಂದು ಕೂಗುತ್ತಿದ್ದ. ಅಪ್ಪ ಹೊರಗೆ ಹೋಗಿ ನಿಂತೇ ಓದಿಸಿಕೊಂಡು, ಅಲ್ಲೇ ಹರಿದು, ಕಾಲು ತೊಳೆದುಕೊಂಡು ಒಳಗೆ ಬರುತ್ತಿದ್ದ. ಆಮೇಲೆ ಅಳು.

ಸೋಮವಾರ ಬೆಳಿಗ್ಗೆ ಹನ್ನೊಂದು ಹಾಳೆಯನ್ನೂ ಸ್ಕ್ಯಾನ್ ಮಾಡಿದೆ. ಗುಣಮಟ್ಟ ಯಾವುದಿರಲಿ ಎಂದು ಯಂತ್ರ ಕೇಳಿತು. ಸಾಧಾರಣ, ಉತ್ತಮ, ಅತ್ಯುತ್ತಮ. ಸರ್ಕಾರಕ್ಕೆ ಹೋಗುವುದು, ಹಟ್ಟಿಯ ಮರ್ಯಾದೆ, ಸಾಧಾರಣ ಕಳಿಸುವುದೆ? ಅತ್ಯುತ್ತಮ ಎಂದೆ. ಒಂದೊಂದು ಹಾಳೆಗೂ ಯಂತ್ರ ಹೆರಿಗೆಯ ಎಮ್ಮೆಯ ಹಾಗೆ ನರಳಿತು. ಸರಸು, "ನನ್ ಫೋನಲ್ಲಿ ಫೋಟೋ ತಗ್ದು ಕಳ್ಸಿದ್ರೆ ಆಗಲ್ವೇನ್ರೀ?" ಎಂದಳು. "ಆಫೀಸಿಗೆ ಕಳ್ಸೋದು ಕಣೇ, ಸೀಮಂತದ ಫೋಟೋ ಅಲ್ಲ," ಎಂದೆ. ಬೀರಪ್ಪ ತಾತ ನಕ್ಕ. ಆ ನಗು ನನಗೆ ಸಿಹಿಯಾಗಿತ್ತು ಎಂದು ಈಗ ಬರೆಯಲು ನಾಚಿಕೆಯಾಗುತ್ತದೆ.

ಹನ್ನೊಂದೂವರೆಗೆ ಕಳಿಸುವ ಬಟನ್ ಒತ್ತಿದೆ. ಕಾಗದ ಪರದೆಯಿಂದ ಮಾಯವಾಯಿತು.

"ಓಯ್ತಾ?" ತಾತ ಸ್ಟೂಲಿನಿಂದ ಎದ್ದು ನಿಂತ.

"ಓಯ್ತು ತಾತ."

"ಅಷ್ಟೇನಾ? ಇಷ್ಟೊತ್ಗೆ ಧರ್ಮಪುರೀಲಿ ಐತಾ?"

"ಆಫೀಸರ್ ಮೇಜಿನ್ ಮೇಲೆ ಐತೆ."

ಮಾದಮ್ಮತ್ತೆ ಪರದೆಗೆ ಕೈಮುಗಿದಳು. "ಅರ್ಸ್ಣ ಅಳಿಸ್ದೆ ಓಗಿರ್ತದಾ?" ಎಂದು ಕೇಳಿದಳು. ಒಂದು ಚುಕ್ಕೆಯೂ ಅಳಿಸಿಲ್ಲ ಎಂದೆ. ಅದೊಂದು ನಿಜ. ಒಂದು ಗಂಟೆಯ ಬಸ್ಸಿಗೆ ಹೋಗುತ್ತೇನೆಂದು ಚೀಲದಲ್ಲಿ ಬುತ್ತಿ ಕಟ್ಟಿಕೊಂಡೇ ಬಂದಿದ್ದ ತಾತ ಬುತ್ತಿಯನ್ನು ಸರಸುಗೆ ಕೊಟ್ಟು, ನಮ್ಮಲ್ಲೇ ಮುದ್ದೆ ಹುರುಳಿಸಾರು ಉಂಡು, ಜಗಲಿಯ ಮೇಲೆ ಕಂಬಳಿ ಹಾಸಿ ಮಲಗಿದ. ಒಂದು ಗಂಟೆಯ ಬಸ್ಸು ನಮ್ಮ ಮನೆಯ ಮುಂದೆಯೇ ಹೋಯಿತು. ಟೈಮಿಗೆ ಸರಿಯಾಗಿ. ಡ್ರೈವರು ನನ್ನನ್ನು ನೋಡಿ ಕೈಯೆತ್ತಿದ, ನಾನೂ ಎತ್ತಿದೆ.

ಎರಡೂವರೆಗೆ ಆಫೀಸಿನಿಂದ ಏನಾದರೂ ಉತ್ತರ ಬಂದಿದೆಯೇ ಎಂದು ನೋಡಲು ಕೂತೆ. ಉತ್ತರ ಬಂದಿರಲಿಲ್ಲ. ಸಾಲ ಬೇಕೆ ಎಂದು ಕೇಳುವವರು ಇಬ್ಬರು ಬಂದಿದ್ದರು. ಆಗ ಎಡಗಡೆ ಔಟ್‌ಬಾಕ್ಸ್ ಎಂಬಲ್ಲಿ ದಪ್ಪ ಅಕ್ಷರದಲ್ಲಿ ಒಂದು ಎಂದು ಕಂಡಿತು. ಒತ್ತಿ ನೋಡಿದರೆ ನಮ್ಮ ಅರ್ಜಿ. ಊರಿಗೆ ಹೊರಟ ನೆಂಟ ಹಿತ್ತಲಲ್ಲಿ ಕೂತು ಬೀಡಿ ಸೇದುತ್ತಿರುವುದನ್ನು ಕಂಡ ಹಾಗಾಯಿತು. ಮೂರು ಗಂಟೆ ಅದು ಅಲ್ಲೇ ಕೂತಿತ್ತು. ಮತ್ತೆ ಕಳಿಸು ಎಂದೆ. ಒಂದು ಡಬ್ಬಿ ಪರದೆಯ ಮೇಲೆ ಹಾರಿ ಬಂದಿತು, ಅದರಲ್ಲಿ ಇಂಗ್ಲಿಷಿನಲ್ಲಿ ನಾಲ್ಕು ಸಾಲು, ಕೆಳಗೆ ಓಕೆ. ಓಕೆ ಒತ್ತಿದೆ. ಮತ್ತೆ ಕಳಿಸು, ಮತ್ತೆ ಡಬ್ಬಿ, ಮತ್ತೆ ಓಕೆ. ಬೆಳಿಗ್ಗೆಯೂ ಆ ಡಬ್ಬಿ ಬಂದಿತ್ತೆಂದು, ತಾತನ ಪ್ರಶ್ನೆಗಳಿಗೆ ಉತ್ತರ ಹೇಳುತ್ತಲೇ ಅದನ್ನು ಒತ್ತಿ ಓಡಿಸಿದ್ದೆನೆಂದು ಆಗ ನೆನಪಾಯಿತು. ಮೂವತ್ತು ವರ್ಷ ಪ್ರಯಾಣಿಕರಿಗೆ, "ಬೋರ್ಡ್ ಪಾತ್ತು ಏರುಂಗಯ್ಯಾ," ಬೋರ್ಡ್ ನೋಡಿ ಹತ್ತಿ ಎಂದು ಗಂಟಲು ಹರಿದುಕೊಂಡವನು ನಾನು. ನನ್ನ ಮುಂದೆ ನಿಂತ ಬೋರ್ಡನ್ನು ನಾನು ಓದಲಿಲ್ಲ.

ಓದುವ ಬದಲು ರಿಪೇರಿಗೆ ಇಳಿದೆ. ಕಂಪ್ಯೂಟರನ್ನು ಆರಿಸಿ ಹಚ್ಚಿದೆ. ಇಂಟರ್ನೆಟ್ಟಿನ ಪೆಟ್ಟಿಗೆಯ ವಯರು ಕಿತ್ತು, ಊದಿ, ಮತ್ತೆ ಚುಚ್ಚಿದೆ. ಪಾಸ್‌ವರ್ಡ್ ಮತ್ತೆ ಹೊಡೆದೆ. ಆಮೇಲೆ ಸೆಟ್ಟಿಂಗ್ ತೆರೆದೆ. ಅಲ್ಲಿ ಹೊರಹೋಗುವ ಮೇಲಿಗೆ ಒಂದು ನಂಬರು ಇತ್ತು, ಐನೂರ ಎಂಬತ್ತೇಳು. ಪಕ್ಕದಲ್ಲಿ ಬೇರೆ ನಂಬರುಗಳೂ ಇದ್ದವು. ನನಗೆ ಅವು ಬಸ್ಸಿನ ರೂಟ್ ನಂಬರುಗಳಂತೆ ಕಂಡವು. ಒಂದು ರೂಟು ಕೆಟ್ಟರೆ ಇನ್ನೊಂದರಲ್ಲಿ ಬಿಡುವುದು ನನ್ನ ಹಳೆಯ ಅಭ್ಯಾಸ. ಐನೂರ ಎಂಬತ್ತೇಳನ್ನು ತೆಗೆದು ಇಪ್ಪತ್ತೈದು ಹಾಕಿದೆ. ಅಲ್ಲಿಯವರೆಗೆ ಮೇಲು ಹೋಗದೆ ಇದ್ದದ್ದು ಒಂದು ಕಾರಣಕ್ಕೆ; ಆಗಿನಿಂದ ಎರಡು ಕಾರಣಕ್ಕೆ.

ಈ ಗದ್ದಲಕ್ಕೆ ತಾತ ಎದ್ದು ಬಂದ. ಅತ್ತೆಯೂ ಬಂದಳು. ಇನ್ನು ಮುಚ್ಚಿಡುವಂತಿರಲಿಲ್ಲ. ಹೇಳಿದೆ.

"ಮತ್ತೆ ಓಯ್ತು ಅಂದೆಯಲ್ಲೋ!" ಅತ್ತೆಯ ಬಾಯಲ್ಲಿದ್ದ ಎಲೆ ಹಾಗೇ ನಿಂತಿತು.

"ಮನೆಯಿಂದ ಹೊರಟೈತೆ ಅತ್ತೆ. ದಾರೀಲಿ ಐತೆ."

"ಯಾವ್ ದಾರೀಲಿ?"

ನಾನು ಪರದೆಯ ಕಡೆ ತಿರುಗಿದೆ. ಸರಸು ಮಾತ್ರ ಡಬ್ಬಿಯ ಹತ್ತಿರ ಮುಖ ತಂದು, ಬೆರಳಿಟ್ಟು, ಮೂರನೆಯ ಸಾಲಿನಲ್ಲಿ ಒಂದೊಂದೇ ಅಕ್ಷರ ಕೂಡಿಸಿದಳು. "ಸೈಜ್ ಅಂತ ಬರ್ದೈತಲ್ರೀ. ನೈಟೀಲಿ ಇರ್ತದಲ್ಲ, ಅದೇ ಸೈಜಾ?" ನಾನು ನೋಡಿದೆ. ಅದೇ ಸೈಜು. ನಮ್ಮ ಕಾಗದ ದಪ್ಪವಾಗಿದೆ, ಬಾಗಿಲಲ್ಲಿ ಹಿಡಿಸುವುದಿಲ್ಲ ಎಂದು ಆ ಬಡಪಾಯಿ ಡಬ್ಬಿ ಬೆಳಿಗ್ಗೆಯಿಂದ ಹೇಳುತ್ತಲೇ ಇತ್ತು.

ಕವಿತಾಗೆ ಫೋನ್ ಮಾಡಿ, ಕಾಗದ ನಲವತ್ತೆಂಟು ಎಂಬಿ ಇದೆ ಎಂದೆ. ಅವಳಿಗೆ ಕನ್ನಡ ಬಾಯಿಗೆ ಬರುವುದು ಅಜ್ಜಿಯರ ಜೊತೆ ಮಾತ್ರ, ನನ್ನ ಜೊತೆ ತಮಿಳೇ. "ನಾಪ್ಪತ್ತೆಟ್ಟು ಎಂಬಿಯಾ? ಅಪ್ಪಾ, ಅದ್ ಲಾರಿ ಲೋಡ್‌ಪ್ಪಾ!" ಎಂದು ಕೂಗಿದಳು. ಎರಡು ಮೂರು ಭಾಗ ಮಾಡಿ ಕಳಿಸು, ಇಲ್ಲವೇ ಕಪ್ಪು ಬಿಳುಪಿನಲ್ಲಿ ಸ್ಕ್ಯಾನ್ ಮಾಡು, ನಾನು ಡ್ಯೂಟಿಯಲ್ಲಿದ್ದೇನೆ, ಒಂದು ಗಂಟೆ ಫೋನ್ ತೆಗೆಯಲಾಗುವುದಿಲ್ಲ ಎಂದು ಇಟ್ಟಳು.

ಭಾಗ ಮಾಡುವ ಮಾತಿಗೆ ತಾತನ ಹುಬ್ಬು ಮೇಲೆ ಹೋಯಿತು. "ಭಾಗ ಅಂದ್ರೆ? ಯಾರ್ ಮನೆ ಮೊದ್ಲು ಓಯ್ತದೆ?"

"ಹೆಂಗಿದ್ರೂ ಎಲ್ಲಾ ಒಂದೇ ಕಡೆಗೆ ತಾತ."

"ಅಂಗಲ್ಲ ಕಣಪ್ಪಾ. ಮೇಲಟ್ಟಿಯೋರ್ದು ಮೊದ್ಲು ಓಗಿ ಕೆಳಅಟ್ಟಿಯೋರ್ದು ಇಂದೆ ಉಳ್ಕಂಡ್ರೆ ನಾಳೆ ನಾನು ಗುಡೀಲಿ ಎಂಗ್ ಕುಂತ್ಕಳ್ಳಿ? ಒಂದೇ ಕಟ್ಟಾಗಿ ಒಪ್ಪಿದ್ದು, ಒಂದೇ ಕಟ್ಟಾಗಿ ಓಗ್ಲಿ."

ಸರಿ, ಕಪ್ಪು ಬಿಳುಪು. ರುಜುವಿನ ಮೊದಲ ಹಾಳೆ ಇಟ್ಟೆ. ಯಂತ್ರ ಕ್ಷಣದಲ್ಲಿ ಮುಗಿಸಿತು. ಪರದೆಯ ಮೇಲೆ ಕಾಗದ ಬಂತು. ನಾಲ್ಕು ಮೂಲೆಯೂ ಮಸಿ. ಅತ್ತೆ ದಪ್ಪಗೆ ಬಳಿದಿದ್ದ ಅರಿಸಿನ, ಅದರ ಮೇಲಿನ ಕುಂಕುಮ, ಎಲ್ಲ ಸೇರಿ ನಾಲ್ಕು ಕಪ್ಪು ಮುದ್ದೆ. ಕೆಳಗೆ ಮೊದಲ ಹೆಸರು ಬೀರಪ್ಪ.

ಅತ್ತೆ ಮೆಲ್ಲಗೆ, "ಮುನಿಯಾ, ಇದು ಕರೀ ಕಾಗ್ದ ಕಣ್ಲಾ," ಎಂದಳು. ತಾತ ಒಂದು ಹೆಜ್ಜೆ ಹಿಂದೆ ಸರಿದು ಹೊಸಿಲಿನಾಚೆ ನಿಂತ. ಅವರಿಬ್ಬರೂ ಓದದವರು, ಮೂಢರು ಎಂದು ನೀವು ಹೇಳಬಹುದು. ನಾನು ಓದಿದವನು, ಪಿಂಚಣಿ ತೆಗೆದುಕೊಳ್ಳುವವನು. ಆಫೀಸಿನವರಿಗೆ ಮೂಲೆ ಕಪ್ಪಾದರೇನು ಕೆಂಪಾದರೇನು ಎಂದು ನನಗೆ ಗೊತ್ತಿತ್ತು. ಹಾಗೆಂದು ಒಂದು ಮಾತು ಹೇಳಿದ್ದರೆ ಇಬ್ಬರೂ ಒಪ್ಪುತ್ತಿದ್ದರೋ ಏನೋ. ಹೇಳಲಿಲ್ಲ. ಆ ಕಪ್ಪು ಮೂಲೆಯ ನಡುವೆ ನಮ್ಮ ಮನೆಯವರ ಹೆಸರೆಲ್ಲ ಸಾಲಾಗಿ ಕೂತಿದ್ದವು. ಅವರಿಗಿಂತ ಮೊದಲು ಅದನ್ನು ಅಳಿಸಿದವನು ನಾನೇ.

ಆಗ ತಾತ ಕೇಳಿದ, "ಮೂರು ನಲವತ್ತರ ಬಸ್ಸೈತಲ್ಲ? ಕಾಗ್ದ ಕೊಡು, ನಾನು ಓಗ್ತೀನಿ."

ಆ ಬಸ್ಸು ನಾಲ್ಕು ನಲವತ್ತಕ್ಕೆ ಧರ್ಮಪುರಿ ಸ್ಟ್ಯಾಂಡಿನಲ್ಲಿ ಇರುತ್ತದೆ. ಅಲ್ಲಿಂದ ಆಫೀಸಿಗೆ ಹತ್ತು ನಿಮಿಷದ ನಡಿಗೆ. ಇದನ್ನು ನನಗಿಂತ ಚೆನ್ನಾಗಿ ಬಲ್ಲವರು ಈ ತಾಲ್ಲೂಕಿನಲ್ಲಿ ಯಾರೂ ಇಲ್ಲ. ಕಾಗದ ನನ್ನ ಕೈಯಲ್ಲೇ ಇತ್ತು. ನಾನು ಹೇಳಿದ್ದು ಇದು: "ಕುಂತ್ಕ ತಾತ, ಎರಡ್ ನಿಮಿಷ. ಆಗೋಯ್ತು."

ಬಸ್ಸಿನ ಹಾರನ್ನು ಬೀದಿಯ ತಿರುವಿನಲ್ಲಿ ಕೇಳಿಸಿತು, ಮನೆಯ ಮುಂದೆ ಕೇಳಿಸಿತು, ಆಮೇಲೆ ಗುಡ್ಡದ ಕಡೆಯಿಂದ ಸಣ್ಣಗೆ ಕೇಳಿಸಿತು. ಆ ಎರಡು ನಿಮಿಷ ಒಂದು ಗಂಟೆ ನಡೆಯಿತು. ನಾನು ಅದೇ ಲಾರಿ ಲೋಡನ್ನು ಅದೇ ಬಾಗಿಲಿಗೆ ಮತ್ತೆ ಮತ್ತೆ ತಳ್ಳಿದೆ. ಒಂದು ಸಲ ನಂಬರು ಬದಲಿಸಿದೆ, ಒಂದು ಸಲ ವಯರು. ಸರಸು ಮತ್ತೆ ಬಂದು, "ಫೋನಲ್ಲಾದ್ರೂ..." ಎಂದಳು. ನಾನು ಅವಳಿಗೆ ಅಂದ ಮಾತನ್ನು ಇಲ್ಲಿ ಬರೆಯುವುದಿಲ್ಲ. ಮೂವತ್ತೈದು ವರ್ಷದ ಸಂಸಾರದಲ್ಲಿ ಅಂಥ ಮಾತು ಹಿರಿಯರ ಮುಂದೆ ಆಡಿರಲಿಲ್ಲ. ಅವಳು ಒಳಗೆ ಹೋಗಿ ಪಾತ್ರೆ ತೊಳೆದಳು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು.

ನಾಲ್ಕು ಮುಕ್ಕಾಲಿಗೆ ಕವಿತಾ ತಾನಾಗಿ ಫೋನ್ ಮಾಡಿದಳು. ಕಪ್ಪು ಮೂಲೆಯ ಕಥೆ ಹೇಳಿದೆ. "ಕಲರೇ ಇರಟ್ಟುಂಪ್ಪಾ. ಕ್ವಾಲಿಟಿಯೆ ಮಟ್ಟುಂ ಕೊರೈಯುಂಗ." ಬಣ್ಣ ಹಾಗೇ ಇರಲಿ, ಗುಣಮಟ್ಟ ಮಾತ್ರ ಇಳಿಸು. ಅತ್ಯುತ್ತಮದ ಎರಡು ಮೆಟ್ಟಿಲು ಕೆಳಗೆ ಸಾಧಾರಣ ಎಂಬುದು ಬೆಳಿಗ್ಗೆಯಿಂದ ಕೈಕಟ್ಟಿಕೊಂಡು ನಿಂತಿತ್ತು. ಅದನ್ನು ಒತ್ತಿ ಹನ್ನೊಂದು ಹಾಳೆಯನ್ನೂ ಮತ್ತೆ ಸ್ಕ್ಯಾನ್ ಮಾಡಿದೆ. ಅರಿಸಿನ ಅರಿಸಿನವಾಗಿಯೇ ಬಂತು, ಕುಂಕುಮ ಕುಂಕುಮವಾಗಿಯೇ. ಕಟ್ಟು ಪೂರ್ತಿ ಮೂರು ಎಂಬಿ. ಕಳಿಸಿದೆ. ಹೋಗಲಿಲ್ಲ. ನಾನು ಬದಲಿಸಿದ್ದ ರೂಟ್ ನಂಬರು! ಅದನ್ನು ಅವಳಿಗೆ ಒಪ್ಪಿಕೊಂಡು, ಬೈಸಿಕೊಂಡು, ಐನೂರ ಎಂಬತ್ತೇಳು ಮತ್ತೆ ಹಾಕಿ ಕಳಿಸಿದಾಗ ಮೇಲು ಗುಂಡಿನ ಹಾಗೆ ಹೋಯಿತು. ಔಟ್‌ಬಾಕ್ಸ್ ಖಾಲಿ. ಗಡಿಯಾರದಲ್ಲಿ ಐದು ಗಂಟೆ ಏಳು ನಿಮಿಷ.

ಐದು ಗಂಟೆ ಎಂಟು ನಿಮಿಷಕ್ಕೆ ಉತ್ತರ ಬಂತು. ಬರುವ ಮೇಲಿಗೆ ನಮ್ಮಲ್ಲಿ ಯಾವತ್ತೂ ತೊಂದರೆಯಿಲ್ಲ ಎಂದು ಹೇಳಿದೆನಲ್ಲ. ನಿಮ್ಮ ಮನವಿಗೆ ಧನ್ಯವಾದ, ಗಡುವು ಮುಗಿದ ಮೇಲೆ ಬಂದವನ್ನು ಪರಿಗಣಿಸಲಾಗುವುದಿಲ್ಲ ಎಂದು ತಮಿಳಿನಲ್ಲಿ ಒಂದು ಸಲ, ಇಂಗ್ಲಿಷಿನಲ್ಲಿ ಒಂದು ಸಲ. ಮನುಷ್ಯ ಬರೆದದ್ದಲ್ಲ, ಯಂತ್ರ ತಾನಾಗಿ ಕಳಿಸುವುದು. ಕೆಂಪು ಇಂಕಿಲ್ಲದೆಯೂ ಎಷ್ಟು ಚೆನ್ನಾಗಿ ಬರೆದಿತ್ತು.

ಓದಿ ಹೇಳಿದೆ. ತಾತ ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ನನಗೆ ಒಂದು ದಾರಿ ಸಿಗುತ್ತಿತ್ತು. ಎದುರು ಮಾತಾಡಿ, ಯಂತ್ರವನ್ನು, ಸರ್ಕಾರವನ್ನು, ಅರಿಸಿನವನ್ನು ಎಳೆದು ತಂದು ನನ್ನ ಮುಂದೆ ನಿಲ್ಲಿಸಿಕೊಳ್ಳುತ್ತಿದ್ದೆ. ಅವನು ಕಂಬಳಿ ಸರಿಪಡಿಸಿಕೊಂಡು, "ಬುಡ್ಲಾ. ನೀನೂ ಬೆಳಗಿಂದ ಉಣ್ಣೋ ಒತ್ತು ಬಿಟ್ರೆ ಎದ್ದಿಲ್ಲ. ಮಿಸಿನಿಗೆ ಮನ್ಸು ಬರಲಿಲ್ಲ," ಎಂದ. ಅತ್ತೆ ಹನ್ನೊಂದು ಹಾಳೆಯನ್ನೂ ಜೋಡಿಸಿ ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡಳು. ಮಾರನೆಯ ದಿನ ಮೊದಲ ಬಸ್ಸಿನಲ್ಲಿ ನಾವು ಮೂವರೂ ಧರ್ಮಪುರಿಗೆ ಹೋದೆವು. ಗುಮಾಸ್ತ ಒಳ್ಳೆಯ ಮನುಷ್ಯ, ಕೂರಿಸಿ ನೀರು ಕೊಟ್ಟ. ಅರ್ಜಿಯನ್ನು ಪೂರ್ತಿ ಓದಿದ. "ಹತ್ತಡಿ ತಾನೇ? ಕೊಡಬಹುದಾಗಿತ್ತು," ಎನ್ನುವಂತೆ ತಲೆಯಾಡಿಸಿ, "ನೇತ್ತು ವಂದಿರುಕ್ಕಲಾಮೇ, ಪೆರಿಯವರೇ," ಎಂದ. ನಿನ್ನೆಯೇ ಬರಬಹುದಿತ್ತಲ್ಲ ಎಂದು. ತಾತ ನನ್ನ ಕಡೆ ನೋಡಲಿಲ್ಲ. ನೋಡದೆ ಇರುವುದಕ್ಕೆ ಎಷ್ಟು ಕಷ್ಟಪಟ್ಟನೋ ಅಷ್ಟೂ ನನಗೆ ಕಂಡಿತು.

ದೀಪಾವಳಿಗೆ ಮೊದಲೇ ಕಲ್ಲುಕಂಬ ನೆಟ್ಟು ತಂತಿ ಎಳೆದರು. ಬಡಗಣ ಅಂಚಿನಲ್ಲಿ ದಾರಿ ಬಿಡಲಿಲ್ಲ.

ಈಗ ಹಟ್ಟಿಯ ಕುರಿಗಳು ಟಾರು ರೋಡಿನಲ್ಲಿ, ನಮ್ಮ ಮನೆಯ ಮುಂದೆಯೇ, ಸುತ್ತಿಕೊಂಡು ಕುಂಟೆಗೆ ಹೋಗುತ್ತವೆ. ಮೊನ್ನೆ ಸಾಯಂಕಾಲ ಅತ್ತೆಯ ಮಂದೆ ಬರುವುದು ಕಂಡು ಸರಸು ಕಾಪಿ ಬೆರೆಸಿಕೊಟ್ಟಳು. ನಾನು ಲೋಟ ಹಿಡಿದು ಗೇಟಿಗೆ ಹೋದೆ. ಅತ್ತೆ ಒಂದು ಕೈ ಮೊಣಕಾಲಿನ ಮೇಲಿಟ್ಟು, ಒಂದು ಕೈಯಲ್ಲಿ ಕೋಲು ಹಿಡಿದು, ಲಾರಿಗಳ ಕಡೆ ಒಂದು ಕಣ್ಣಿಟ್ಟು ಬರುತ್ತಿದ್ದಳು.

"ಅತ್ತೆ, ಒಂದ್ ಗಳಿಗೆ ಕುಂತ್ಕ. ಕಾಪಿ ಕುಡ್ಕಂಡು ಓಗು."

"ಇಲ್ಲ ಕಣ್ಲಾ ಮುನಿಯಾ," ಎಂದಳು, ನಿಲ್ಲದೆ. "ಕುಂತ್ರೆ ಒತ್ತಾಯ್ತದೆ. ಸುತ್ಕಂಡ್ ಓಗ್ಬೇಕಲ್ಲಪ್ಪಾ."

ಕುರಿಗಳು ದಾಟಿ ಮುಗಿಯುವವರೆಗೆ ನಿಂತಿದ್ದೆ. ಆಮೇಲೆ ಅವಳ ಕಾಪಿಯನ್ನು ನಾನೇ ಕುಡಿದೆ.